ಮನೆ, ಮರ ಸಲೀಸು. ಮನುಷ್ಯನ ಚಿತ್ರವೇಕೆ ಕಷ್ಟ?

ಮಗುವಿನ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ‘ಒಬ್ಬ ಮನುಷ್ಯನ ಚಿತ್ರ ಬರೆ’ ಎನ್ನುವುದು ಮನಶ್ಶಾಸ್ತ್ರದ ಹಳೆಯ ಪರೀಕ್ಷೆಗಳಲ್ಲೊಂದು. ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲಿ ರೂಪಿಸಿದ ಇದರಲ್ಲಿ ಅಂದಚೆಂದಕ್ಕೆ ಅಂಕವಿಲ್ಲ. ಕತ್ತು ಇದೆಯೇ, ಬೆರಳುಗಳು ಐದಿವೆಯೇ ಎಂದು 51 ಅಂಶಗಳನ್ನು ಎಣಿಸಿ ಮಗುವಿನ ಮಾನಸಿಕ ವಯಸ್ಸನ್ನು ಅಂದಾಜು ಮಾಡಲಾಗುತ್ತಿತ್ತು. ಭಾರತೀಯ ಮಕ್ಕಳಿಗಾಗಿ ಇದನ್ನು ಪ್ರಮೀಳಾ ಫಾಟಕ್ ಅಳವಡಿಸಿದರು.

ಮಾತು ಬೇಡದ ಪರೀಕ್ಷೆಯಾದ್ದರಿಂದ ಮಾತು ತಡವಾದ ಮಕ್ಕಳಿಗೆ ಇದು ಅನುಕೂಲ ಎಂದುಕೊಳ್ಳುವುದು ಸಹಜ. ಆಟಿಸಂ (ಸ್ವಲೀನತೆ) ಇರುವ ಮಕ್ಕಳ ಮಟ್ಟಿಗೆ ಮಾತ್ರ ಈ ಎಣಿಕೆ ತಪ್ಪಬಹುದು.

ಈ ಮಕ್ಕಳಿಗೆ ಚಿತ್ರ ಬರೆಯುವ ಶಕ್ತಿಯೇ ಕಡಿಮೆ ಎಂದಲ್ಲ. ಪುಟ್ಟ ಮಕ್ಕಳೆಲ್ಲ ಮೊದಲು ತಮಗೆ ತಿಳಿದದ್ದನ್ನು ಬರೆಯುತ್ತಾರೆ, ಬೆಳೆದಂತೆ ಕಣ್ಣಿಗೆ ಕಂಡದ್ದನ್ನು ಬರೆಯತೊಡಗುತ್ತಾರೆ. ಆಟಿಸಂ ಇರುವ ಮಕ್ಕಳೂ ತಮ್ಮ ಮಾನಸಿಕ ವಯಸ್ಸಿಗೆ ತಕ್ಕಂತೆ ಈ ಘಟ್ಟವನ್ನು ದಾಟುತ್ತಾರೆ ಎಂಬುದನ್ನು ಬ್ರಿಟನ್ನಿನ ಟೋನಿ ಚಾರ್ಮನ್ ಮತ್ತು ಸೈಮನ್ ಬ್ಯಾರನ್-ಕೋಹೆನ್ 1993ರಲ್ಲಿ ವರದಿ ಮಾಡಿದ್ದರು.

ವ್ಯತ್ಯಾಸ ಕಾಣುವುದು ಮನುಷ್ಯನ ಬಳಿ ಬಂದಾಗ. ಆಸ್ಪರ್ಜರ್ ಸಿಂಡ್ರೋಮ್ (2013ರಿಂದೀಚೆಗೆ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಆಟಿಸಂನಲ್ಲೇ ಸೇರಿಸಿದೆ) ಇರುವ ಮಕ್ಕಳಿಂದ ಆಸ್ಟ್ರೇಲಿಯಾದ ಸಂಶೋಧಕರು ಮನೆ, ಮರ, ಮನುಷ್ಯ ಮೂರನ್ನೂ ಬರೆಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರು ಇತರ ಮಕ್ಕಳಿಗಿಂತ ಹಿಂದೆ ಬಿದ್ದದ್ದು ಮನುಷ್ಯನ ಚಿತ್ರದಲ್ಲಿ ಮಾತ್ರ. ಈ ಮಕ್ಕಳಲ್ಲಿ ಮನುಷ್ಯನ ಚಿತ್ರದ ಅಂಕಕ್ಕೂ ಸಂವಹನ ಸಾಮರ್ಥ್ಯಕ್ಕೂ ಸಂಬಂಧ ಕಂಡುಬಂತು ಎಂಬುದು ಗಮನಾರ್ಹ.

ಲಂಡನ್ನಿನ ಆಂಟನಿ ಲೀ ಮತ್ತು ಪೀಟರ್ ಹಾಬ್ಸನ್ 2006ರಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದ್ದರು. ತನ್ನ ಚಿತ್ರ, ಮತ್ತೊಂದು ಮಗುವಿನ ಚಿತ್ರ, ಮನೆಗಳ ಚಿತ್ರ ಬರೆಯಲು ಹೇಳಿದಾಗ, ಆಟಿಸಂ ಇದ್ದವರ ಕೈಯಲ್ಲಿ ಮನುಷ್ಯರು ಹೆಚ್ಚು ಕಡಿಮೆ ಒಂದೇ ಅಚ್ಚಿನವರಾಗಿದ್ದರು. ತಾನು ಬೇರೆ, ಅವನು ಬೇರೆ ಎಂಬುದು ಚಿತ್ರದಲ್ಲಿ ಅಷ್ಟಾಗಿ ಮೂಡಿರಲಿಲ್ಲ.

ಕಾರಣವೇನು? ಹೆಚ್ಚಿನ ಮಕ್ಕಳು ಹುಟ್ಟಿದಂದಿನಿಂದ ಜನರ ಮುಖವನ್ನೇ ಓದುತ್ತ ಬೆಳೆಯುತ್ತಾರೆ; ಆಟಿಸಂ ಇರುವ ಅನೇಕ ಮಕ್ಕಳ ಗಮನ ಅತ್ತ ಅಷ್ಟು ಹರಿಯುವುದಿಲ್ಲ ಎಂಬುದು ಒಂದು ವಿವರಣೆ. ಚರ್ಚೆ ಇನ್ನೂ ಮುಗಿದಿಲ್ಲ.

ಇವೆಲ್ಲ ಗುಂಪಿನ ಸರಾಸರಿಗಳು ಎಂಬುದನ್ನೂ ಮರೆಯಬಾರದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ನಾದಿಯಾ ಎಂಬ ಬಾಲಕಿ ಮೂರೂವರೆ ವರ್ಷಕ್ಕೇ ನುರಿತ ಕಲಾವಿದರಂತೆ ಕುದುರೆಗಳನ್ನು, ಅವುಗಳ ಮೇಲೆ ಕುಳಿತ ಸವಾರರನ್ನು ಬರೆಯುತ್ತಿದ್ದಳು. ಆಗ ಅವಳಿಗೆ ಮಾತು ಬರುತ್ತಿದ್ದುದು ಅತ್ಯಲ್ಪ. ಲಾರ್ನಾ ಸೆಲ್ಫ್ 1977ರಲ್ಲಿ ಅವಳ ಬಗ್ಗೆ ಪುಸ್ತಕ ಬರೆದ ಮೇಲೆ ಜಗತ್ತೇ ಬೆರಗಾಯಿತು. ಅಂಥವರು ವಿರಳ. ನಾದಿಯಾಳ ಕಥೆ ಕೇಳಿ ತಮ್ಮ ಮಗುವಿನಲ್ಲೂ ಅದ್ಭುತ ಹುಡುಕಹೊರಡುವುದು ಮಗುವಿಗೆ ಭಾರವೇ ಸರಿ.

ಹೆಚ್ಚು ಆತಂಕದ್ದು ಇದಕ್ಕೆ ವಿರುದ್ಧವಾದ ತಪ್ಪು. ಕೈಬೆರಳಿಲ್ಲದ, ಕಣ್ಣಿಲ್ಲದ ಮನುಷ್ಯನನ್ನು ಕಂಡು ‘ಬುದ್ಧಿ ಕಡಿಮೆ’ ಎಂದು ಬರೆದುಬಿಟ್ಟರೆ, ಆ ಒಂದು ಸಾಲು ಮಗುವಿನ ಹಿಂದೆಯೇ ಶಾಲೆಯ ಬಾಗಿಲವರೆಗೂ ಬರುತ್ತದೆ. ಅದೇ ಚಿತ್ರದಿಂದ ಆಟಿಸಂ ಇದೆ ಅಥವಾ ಇಲ್ಲ ಎನ್ನುವುದೂ ಸಲ್ಲದು. ಭಾರತದಲ್ಲಿ ಇದಕ್ಕಾಗಿ ರೂಪಿಸಿರುವ 40 ಅಂಶಗಳ ಮಾಪಕವು ಮಗುವಿನ ನಡವಳಿಕೆಯ ಅವಲೋಕನ ಹಾಗೂ ಪೋಷಕರ ಮಾತನ್ನು ಆಧರಿಸಿದೆ.

ಆದ್ದರಿಂದ ವರದಿಯಲ್ಲಿರುವ ಬುದ್ಧಿಮಟ್ಟದ ಅಂಕ ಯಾವ ಪರೀಕ್ಷೆಯಿಂದ ಬಂದದ್ದು ಎಂದು ಪೋಷಕರು ಧೈರ್ಯವಾಗಿ ಕೇಳಬಹುದು. ಮನುಷ್ಯನ ಚಿತ್ರವೊಂದರಿಂದಲೇ ಎಂದಾದರೆ ಬೇರೆ ಪರೀಕ್ಷೆಯನ್ನೂ ಮಾಡಿಸುವುದು ಒಳಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿನ್ಯಾಸಗಳ ಬಿಟ್ಟ ಭಾಗವನ್ನು ಗುರುತಿಸುವ ರೇವನ್ ಪರೀಕ್ಷೆಯನ್ನು ಕೊಟ್ಟಾಗ, ಆಟಿಸಂ ಇರುವ ಮಕ್ಕಳು ರೂಢಿಯ ವೆಕ್ಸ್ಲರ್ ಪರೀಕ್ಷೆಗಿಂತ ಸರಾಸರಿ 30 ಪರ್ಸೆಂಟೈಲ್‌ನಷ್ಟು ಮೇಲಿನ ಸ್ಥಾನ ಪಡೆದಿದ್ದರು.