ರಸದಾನಿಯ ಕಾರ್ಯವೂ ಎಳೆಜೋಳದ ವಿಷವೂ

ಮುಂಗಾರು ಹದವಾಗಿ ಸುರಿದು, ಜೋಳದ ಪೈರು ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಮಳೆಯು ಹಿಂದೆಗೆದು, ಪೈರೆಲ್ಲವೂ ಬಾಡಿ ನಿಲ್ಲುವುದು ಬಯಲುಸೀಮೆಯಲ್ಲಿ ಅಪರೂಪವೇನೂ ಅಲ್ಲ. ಇಂತಹ ಸಮಯದಲ್ಲಿ ಬೇಲಿಯನ್ನು ದಾಟಿ ಹೊಲಕ್ಕೆ ನುಗ್ಗಿದ ಹಸುವಾಗಲಿ ಎತ್ತಾಗಲಿ ಎಳೆಯ ಪೈರನ್ನು ಹೊಟ್ಟೆತುಂಬ ಮೇದು, ಸ್ವಲ್ಪ ಹೊತ್ತಿನೊಳಗೆ ಏದುಸಿರು ಬಿಡುತ್ತ ನೆಲಕ್ಕೊರಗಿ ಪ್ರಾಣಬಿಡುವುದುಂಟು. ಹಾವು ಮುಟ್ಟಿತೆಂದೋ ದೃಷ್ಟಿ ತಾಗಿತೆಂದೋ ತಿಳಿದು ಮನೆಯವರು ಸುಮ್ಮನಾಗುವುದೂ ಉಂಟು. ಆದರೆ ಈ ಅನರ್ಥದ ಮೂಲವು ಜೋಳದ ಎಲೆಯೊಳಗೇ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಚೀಲದಲ್ಲಿ ಅಡಗಿದೆ. ಆ ಚೀಲಕ್ಕೆ ರಸದಾನಿ ಎಂದು ಹೆಸರು. ಅದರ ಸ್ವರೂಪವನ್ನು ಅರಿತವರಿಗೆ ವಿಷದ ಕಾರಣವೂ ಅದರಿಂದ ಪಾರಾಗುವ ಮಾರ್ಗವೂ ಸುಲಭವಾಗಿ ತಿಳಿಯುತ್ತವೆ.

ರಸದಾನಿ ಎಂದರೇನು?

ಇಟ್ಟಿಗೆಗಳಿಂದ ಗೋಡೆಯು ಕಟ್ಟಲ್ಪಟ್ಟಿರುವಂತೆ, ಸಸ್ಯಗಳ ಮತ್ತು ಪ್ರಾಣಿಗಳ ಶರೀರವೆಲ್ಲವೂ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಇಂತಹ ಕೋಶದೊಳಗೆ ತೆಳುವಾದ ಪೊರೆಯಿಂದ ಸುತ್ತುವರಿಯಲ್ಪಟ್ಟು, ನೀರಿನಿಂದಲೂ ನೀರಿನಲ್ಲಿ ಕರಗಿದ ಪದಾರ್ಥಗಳಿಂದಲೂ ತುಂಬಿರುವ ಚೀಲವೇ ರಸದಾನಿ. ಇಂತಹ ಅವಕಾಶಗಳಿಗೆ 1841ರಲ್ಲಿ ಫ್ರಾನ್ಸ್ ದೇಶದ ದುಜಾರ್ದ್ಯಾಂ ಎಂಬ ವಿದ್ವಾಂಸನು ‘ವ್ಯಾಕ್ಯುಯೋಲ್’ ಎಂಬ ಹೆಸರನ್ನಿತ್ತನು. 1885ರಲ್ಲಿ ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಎಂಬಾತನು ಅದರ ಪೊರೆಯನ್ನು ಪರೀಕ್ಷಿಸಿ ಅದಕ್ಕೆ ‘ಟೋನೋಪ್ಲಾಸ್ಟ್’ ಎಂದು ಹೆಸರಿಟ್ಟನು.

ಎಳೆಯ ಸಸ್ಯಕೋಶದಲ್ಲಿ ರಸದಾನಿಗಳು ಚಿಕ್ಕವಾಗಿದ್ದು ಹಲವಾಗಿರುತ್ತವೆ. ಕೋಶವು ಬಲಿತಂತೆ ಇವು ಒಂದಾಗಿ ಕೂಡಿ, ಕೋಶದ ಒಳಭಾಗದಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಆಕ್ರಮಿಸುವ ಒಂದೇ ದೊಡ್ಡ ಚೀಲವಾಗುವುದು ಸಾಮಾನ್ಯ. ಬೇರು ಹೀರಿದ ನೀರು ಈ ಚೀಲವನ್ನು ತುಂಬಿದಾಗ ಅದು ಉಬ್ಬಿ ಕೋಶದ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ಗಾಳಿ ತುಂಬಿದ ಬಂಡಿಯ ಟೈರು ಬಿಗಿಯಾಗಿ ನಿಲ್ಲುವಂತೆ ಎಲೆಯೂ ಎಳೆದಂಟೂ ನೆಟ್ಟಗೆ ನಿಲ್ಲುವುದು ಈ ಒತ್ತಡದಿಂದಲೇ. ನೆಲದಲ್ಲಿ ತೇವವು ಕಡಮೆಯಾದರೆ ಚೀಲವು ಕುಗ್ಗಿ, ಒತ್ತಡವು ಇಳಿದು, ಪೈರು ಜೋಲುತ್ತದೆ.

ನೀರನ್ನು ಹಿಡಿದಿಡುವುದಷ್ಟೇ ರಸದಾನಿಯ ಕೆಲಸವಲ್ಲ. ಅದು ಸಸ್ಯದ ಉಗ್ರಾಣವೂ ಹೌದು. ಕಬ್ಬಿನ ಸಕ್ಕರೆ, ನಿಂಬೆಯ ಹುಳಿ, ಅನೇಕ ಹೂವುಗಳ ಕೆಂಪು ಮತ್ತು ನೇರಿಳೆ ಬಣ್ಣಗಳು ಇವೆಲ್ಲವೂ ರಸದಾನಿಗಳಲ್ಲಿಯೇ ಶೇಖರವಾಗಿರುತ್ತವೆ. ಸಸ್ಯವು ತನ್ನ ರಕ್ಷಣೆಗಾಗಿ ತಯಾರಿಸುವ ವಿಷಪದಾರ್ಥಗಳನ್ನು ಸಹ, ತನಗೆ ಅಪಾಯವಾಗದಂತೆ, ಇಲ್ಲಿಯೇ ಪ್ರತ್ಯೇಕಿಸಿ ಇಡುತ್ತದೆ.

ಪ್ರಾಣಿಗಳ ಕೋಶಗಳಲ್ಲಿ

ಪ್ರಾಣಿಗಳ ಕೋಶಗಳಲ್ಲಿ ಇಷ್ಟು ದೊಡ್ಡ ರಸದಾನಿಯಿರುವುದಿಲ್ಲ. ಇರುವವು ಸಣ್ಣವು, ಬಹುಮಟ್ಟಿಗೆ ತಾತ್ಕಾಲಿಕವಾದವು. ಪಶುವಿನ ರಕ್ತದಲ್ಲಿನ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ, ಇಂತಹ ಸಣ್ಣ ಚೀಲದೊಳಗೆ ಕೂಡಿಹಾಕಿ ಜೀರ್ಣಿಸಿಕೊಳ್ಳುತ್ತವೆ. ಮೆಲುಕು ಹಾಕುವ ಪಶುವಿನ ದೊಡ್ಡ ಹೊಟ್ಟೆಯಲ್ಲಿ ವಾಸಿಸುವ ಏಕಕೋಶ ಜೀವಿಗಳಲ್ಲಿಯೂ ರಸದಾನಿಗಳುಂಟು. ಅವುಗಳಲ್ಲಿ ಕೆಲವು ನುಂಗಿದ ಆಹಾರವನ್ನು ಕರಗಿಸುತ್ತವೆ. ಕೆಲವು ಕುಗ್ಗಿ ಹಿಗ್ಗುತ್ತ ಅಧಿಕವಾದ ನೀರನ್ನು ಹೊರದೂಡುತ್ತವೆ.

ಎಳೆಜೋಳದಲ್ಲಿ ವಿಷದ ಉತ್ಪತ್ತಿ

1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞರು ಎಳೆಜೋಳದಿಂದ ‘ಧುರಿನ್’ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಈ ಧುರಿನ್ನು ಎಲೆಯ ಹೊರಪದರದ ಕೋಶಗಳ ರಸದಾನಿಗಳಲ್ಲಿರುತ್ತದೆಂದೂ, ಅದನ್ನು ಒಡೆಯುವ ಕಿಣ್ವವು ಎಲೆಯ ಒಳಪದರದ ಕೋಶಗಳಲ್ಲಿರುತ್ತದೆಂದೂ 1979ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಎರಿಕ್ ಕಾನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಪೈರು ನಿಂತಿರುವವರೆಗೆ ಇವೆರಡೂ ಬೇರೆಬೇರೆಯಾಗಿದ್ದು, ಪೈರಿಗೆ ಕೇಡಿಲ್ಲ. ಪಶುವು ಎಲೆಯನ್ನು ಅಗಿದೊಡನೆ ರಸದಾನಿಗಳು ಒಡೆದು, ಎರಡೂ ಬೆರೆತು, ಹೈಡ್ರೋಜನ್ ಸಯನೈಡ್ ಎಂಬ ಉಗ್ರವಿಷವು ಹುಟ್ಟುತ್ತದೆ. ಹೊಟ್ಟೆಯಲ್ಲಿನ ಸೂಕ್ಷ್ಮಜೀವಿಗಳು ಸಹ ಧುರಿನ್ನನ್ನು ಒಡೆಯಬಲ್ಲವಾದುದರಿಂದ, ಮೆಲುಕು ಹಾಕುವ ದನಗಳಿಗೂ ಆಡುಕುರಿಗಳಿಗೂ ಅಪಾಯವು ಹೆಚ್ಚು.

ಈ ವಿಷವು ರಕ್ತಕ್ಕೆ ಸೇರಿದರೆ, ಶರೀರದ ಕೋಶಗಳು ರಕ್ತದಲ್ಲಿ ಪ್ರಾಣವಾಯುವಿದ್ದರೂ ಅದನ್ನು ಉಪಯೋಗಿಸಲಾರವು. ಪಶುವು ವೇಗವಾಗಿ ಉಸಿರಾಡುತ್ತದೆ, ಜೊಲ್ಲು ಸುರಿಸುತ್ತದೆ, ನಡುಗುತ್ತ ತತ್ತರಿಸಿ ಬೀಳುತ್ತದೆ. ದನಗಳಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 2 ಮಿಲಿಗ್ರಾಂ ವಿಷವು ಮಾರಕವೆಂದು ಎಣಿಸಲಾಗಿದೆ. ಒಂದು ಕಿಲೋಗ್ರಾಂ ಹಸಿಮೇವಿನಿಂದ 200 ಮಿಲಿಗ್ರಾಂ ವಿಷವು ಹುಟ್ಟುವುದಾದರೆ, 300 ಕಿಲೋಗ್ರಾಂ ತೂಗುವ ಎತ್ತಿನ ಪ್ರಾಣಹಾನಿಗೆ ಅಂತಹ ಮೇವು 3 ಕಿಲೋಗ್ರಾಂ ಸಾಕು. ಹಸಿದ ಎತ್ತು ಇಷ್ಟನ್ನು ಬಹು ಬೇಗನೆ ತಿಂದುಬಿಡುತ್ತದೆ.

ಅನುಸರಿಸಬೇಕಾದ ಎಚ್ಚರಿಕೆಗಳು

1. ಮೊಳಕೆಯಲ್ಲಿಯೂ ಎಳೆಯ ಎಲೆಯಲ್ಲಿಯೂ ಕೊಯ್ದ ಮೇಲೆ ಒಡೆಯುವ ಕೂಳೆಯ ಚಿಗುರಿನಲ್ಲಿಯೂ ಧುರಿನ್ನು ಅಧಿಕ. ಆದಕಾರಣ ಹಸಿಮೇವಿಗಾಗಿ ಜೋಳವನ್ನು ಹೂಬಿಡುವ ಕಾಲಕ್ಕೆ ಮುಂಚೆ ಕೊಯ್ಯಬಾರದು.

2. ಮಳೆಯಿಲ್ಲದೆ ಕುಂಠಿತವಾದ ಪೈರೂ, ಸಾರಜನಕದ ಗೊಬ್ಬರವನ್ನು ಅತಿಯಾಗಿ ಪಡೆದ ಪೈರೂ ವಿಶೇಷ ಅಪಾಯಕರ. ಬರದ ತರುವಾಯ ಮಳೆ ಬಿದ್ದೊಡನೆ ಹೊರಡುವ ಹೊಸ ಚಿಗುರನ್ನು ಮೇಯಿಸುವುದು ಇನ್ನೂ ಕೆಟ್ಟದ್ದು.

3. ಅರೆಬಾಡಿದ ಮೇವು ನಿರಪಾಯವೆಂದು ಭಾವಿಸಬಾರದು. ಬಲಿತು ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಈ ಭಯವು ಬಹಳ ಕಡಮೆ. ಗುಂಡಿಯಲ್ಲಿ ತುಳಿದು, ಗಾಳಿಯಾಡದಂತೆ ಕೆಲವು ವಾರ ಮುಚ್ಚಿಟ್ಟ ರಸಮೇವಿನಲ್ಲಿಯೂ ವಿಷವು ಬಹುಮಟ್ಟಿಗೆ ಇಳಿದಿರುತ್ತದೆ.

4. ಹಸಿದ ದನಗಳನ್ನು ಜೋಳದ ಹೊಲದ ಬಳಿಗೆ ಬಿಡಬಾರದು. ಮೊದಲು ಒಣಹುಲ್ಲನ್ನು ತಿನ್ನಿಸಿದ್ದರೆ, ದನವು ಕೈತಪ್ಪಿ ಹೊಲಕ್ಕೆ ಹೊಕ್ಕರೂ ಆತುರದಿಂದ ಮೇಯುವುದು ಕಡಮೆ.

5. ಚಿಹ್ನೆಗಳು ಕಂಡೊಡನೆ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಗಳನ್ನು ಅವರು ರಕ್ತನಾಳಕ್ಕೆ ಕೊಡುವರು. ತಡವಾದರೆ ಈ ಚಿಕಿತ್ಸೆಯಿಂದ ಫಲವಿಲ್ಲ.

ಜೋಳದ ಕಾಳಿನಲ್ಲಿ ಈ ವಿಷವು ಇಲ್ಲವೆಂಬಷ್ಟು ಕಡಮೆಯಾದುದರಿಂದ ರೊಟ್ಟಿಯುಣ್ಣುವವರು ಅಂಜಬೇಕಾದುದಿಲ್ಲ. ಬಲಿತ ಮೇಲೆ ದನಗಳಿಗೆ ಜೋಳದಷ್ಟು ಒದಗುವ ಮೇವೂ ಬಯಲುಸೀಮೆಯಲ್ಲಿ ವಿರಳ. ತಪ್ಪು ಬೆಳೆಯದಲ್ಲ, ಅದನ್ನು ಅಕಾಲದಲ್ಲಿ ಮೇಯಿಸುವುದರದು. ಒಂದು ಜೊತೆ ಎತ್ತು ಸತ್ತರೆ ಬಡ ಒಕ್ಕಲಿನ ಬೇಸಾಯವೇ ನಿಲ್ಲುವುದರಿಂದ, ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮಳೆ ಹಿಂದೆಗೆದ ವರ್ಷಗಳಲ್ಲಿ ಈ ಸಂಗತಿಯನ್ನು ಒಕ್ಕಲುಗಳಿಗೂ, ವಿಶೇಷವಾಗಿ ದನಕಾಯುವ ಹುಡುಗರಿಗೂ, ಮುಂಚಿತವಾಗಿಯೇ ತಿಳಿಯಪಡಿಸುವುದು ಅತ್ಯಂತ ಯುಕ್ತವಾದುದು.