ಕೌಂಟಿಯ ಕ್ಲಾರ್ಕು

ಇಂಗ್ಲೆಂಡಿನ ಸ್ಥಳೀಯಾಡಳಿತದ ವೃತ್ತಾಂತವನ್ನು ಓದುವವರ ಲಕ್ಷ್ಯವು ಸಹಜವಾಗಿಯೇ ಚುನಾವಣೆಗಳ ಕಡೆಗೂ ಪರಿಷತ್ತುಗಳ ವಾದವಿವಾದಗಳ ಕಡೆಗೂ ಹರಿಯುವುದರಿಂದ, ಸಭಾಧ್ಯಕ್ಷನ ಪಾರ್ಶ್ವದಲ್ಲಿ ಕುಳಿತು, ತನಗೆ ಮತಾಧಿಕಾರವಿಲ್ಲದಿದ್ದರೂ ಯಾವ ನಿರ್ಣಯವು ಶಾಸನಸಮ್ಮತ, ಯಾವುದು ಅಲ್ಲ ಎಂಬುದನ್ನು ಸೂಚಿಸುತ್ತಿದ್ದ ಕೌಂಟಿ ಕ್ಲಾರ್ಕನು ಅವರ ಕಣ್ಣಿಗೆ ಬೀಳುವುದು ಅಪೂರ್ವ.

ಈ ಪದವಿಯ ಮೂಲವು ಪರಿಷತ್ತಿಗಿಂತ ಬಹು ಪ್ರಾಚೀನವಾದದ್ದು. ಜಸ್ಟಿಸ್ ಆಫ್ ದಿ ಪೀಸ್ ಎಂಬ ನ್ಯಾಯಾಧಿಪತಿಗಳು ವರ್ಷಕ್ಕೆ ನಾಲ್ಕು ಬಾರಿ ನೆರೆಯುತ್ತಿದ್ದ ಸಭೆಗೆ ಮಧ್ಯಯುಗದಿಂದಲೂ ‘ಕ್ಲಾರ್ಕ್ ಆಫ್ ದಿ ಪೀಸ್’ ಎಂಬೊಬ್ಬ ಅಧಿಕಾರಿಯಿದ್ದನು. ಅವನನ್ನು ನೇಮಿಸುವ ಹಕ್ಕು ಕೌಂಟಿಯ ದಫ್ತರಗಳ ಪಾಲಕನೆನಿಸಿದ ‘ಕಸ್ಟೋಸ್ ರೋಟುಲೋರಮ್’ ಎಂಬ ಗಣ್ಯನಿಗೆ ಸೇರಿತ್ತು. ಹಣ ತೆತ್ತವನಿಗೆ ಈ ಪದವಿ ದೊರೆಯಬಾರದೆಂದು 1689ರ ಶಾಸನವು ಅದರ ವಿಕ್ರಯವನ್ನು ನಿಷೇಧಿಸಿ, ಸನ್ನಡತೆಯಿರುವವರೆಗೂ ಅವನು ಅಧಿಕಾರದಲ್ಲಿರತಕ್ಕದ್ದೆಂದು ವಿಧಿಸಿತು. ಸಾಮಾನ್ಯವಾಗಿ ಆತನು ಆ ಪ್ರಾಂತದ ವಕೀಲ, ಅವನ ಆದಾಯ ಬಹುಮಟ್ಟಿಗೆ ಫೀಜಿನದು. ಜೂರಿಗಳ ಪಟ್ಟಿಯಿಂದ ಹಿಡಿದು, ಸಾಮುದಾಯಿಕ ಭೂಮಿಗೆ ಬೇಲಿ ಬಿದ್ದು ಹಂಚಿಕೆಯಾದ ತೀರ್ಪುಗಳು, ಪಾರ್ಲಿಮೆಂಟಿನ ಅನುಮತಿ ಬಯಸಿದ ಕಾಲುವೆ ಮತ್ತು ರೈಲುಮಾರ್ಗಗಳ ನಕ್ಷೆಗಳವರೆಗೆ ಎಲ್ಲವೂ ಅವನ ವಶದಲ್ಲಿ. ನಮ್ಮ ಹಿಂದಿನ ಶಾನುಭೋಗರ ಮನೆಯ ಲೆಕ್ಕದ ಕಟ್ಟುಗಳಂತೆ ಆ ಕಾಗದಪತ್ರಗಳೂ ಎಷ್ಟೋ ವೇಳೆ ಅವನ ಖಾಸಗಿ ಕಚೇರಿಯಲ್ಲಿಯೇ ಇರುತ್ತಿದ್ದವು.

1888ರ ಶಾಸನದ ಮೇರೆಗೆ ಮರುವರ್ಷ ಚುನಾಯಿತ ಕೌಂಟಿ ಪರಿಷತ್ತುಗಳು ಉದಯಿಸಿದಾಗ, ಸಾಮಾನ್ಯವಾಗಿ ಹಳೆಯ ಕ್ಲಾರ್ಕನೇ ಪರಿಷತ್ತಿಗೂ ಕ್ಲಾರ್ಕನಾದನು. ಅವನ ನೇಮಕ ಮಾತ್ರ ಪರಿಷತ್ತಿನ ಕೈಗೆ ಬರಲಿಲ್ಲ. ನ್ಯಾಯಾಧಿಪತಿಗಳೂ ಪರಿಷತ್ಸದಸ್ಯರೂ ಸಮಸಂಖ್ಯೆಯಲ್ಲಿದ್ದ ಒಂದು ಸಂಯುಕ್ತ ಸಮಿತಿಗೆ ಆ ಅಧಿಕಾರ ಸಂದಿತು. ಜನರ ಪ್ರತಿನಿಧಿಗಳಿಗೆ ತೆರಿಗೆ ಹಾಕುವ ವಿವೇಕವಿದೆ, ತಮ್ಮ ಕ್ಲಾರ್ಕನನ್ನು ಆರಿಸುವ ವಿವೇಕವಿಲ್ಲ ಎಂದಂತಾದ ಈ ಏರ್ಪಾಡು, 1931ರ ಶಾಸನವು ನೇಮಕವನ್ನು ಪರಿಷತ್ತಿಗೇ ಒಪ್ಪಿಸುವವರೆಗೂ ನಾಲ್ಕು ದಶಕಗಳ ಕಾಲ ಉಳಿದುಬಂದುದು ಆಂಗ್ಲರ ತಾಳ್ಮೆಗೋ ಜಡತೆಗೋ ನಿದರ್ಶನ.

ಇಷ್ಟಾದರೂ ಕ್ಲಾರ್ಕನು ಇತರ ಅಧಿಕಾರಿಗಳ ಒಡೆಯನಲ್ಲ. ಖಜಾಂಚಿ, ಸರ್ವೇಯರು, ಆರೋಗ್ಯಾಧಿಕಾರಿ ಮೊದಲಾದವರು ತಮ್ಮ ತಮ್ಮ ಇಲಾಖೆಗಳಲ್ಲಿ ಬಹುಮಟ್ಟಿಗೆ ಸ್ವತಂತ್ರರಾಗಿದ್ದು, ಅವರನ್ನು ಕ್ಲಾರ್ಕನು ಆಜ್ಞೆಯಿಂದಲ್ಲದೆ ನ್ಯಾಯಶಾಸ್ತ್ರದ ಪರಿಜ್ಞಾನದಿಂದಲೂ ದೀರ್ಘ ಅನುಭವದಿಂದಲೂ ಒಂದು ದಾರಿಗೆ ತರಬೇಕಾಗಿತ್ತು. ಸಿಬ್ಬಂದಿಗೆ ನಿಸ್ಸಂದೇಹವಾದ ಒಬ್ಬ ಮುಖ್ಯಸ್ಥನಿರಬೇಕೆಂದು 1967ರಲ್ಲಿ ಮಾಡ್ ಸಮಿತಿಯು ಶಿಫಾರಸು ಮಾಡಿತು. 1972ರಲ್ಲಿ ತ್ರೈಮಾಸಿಕ ನ್ಯಾಯಸಭೆಗಳೊಡನೆ ‘ಕ್ಲಾರ್ಕ್ ಆಫ್ ದಿ ಪೀಸ್’ ಪದವಿಯೂ ಅಳಿಯಿತು. 1974ರ ಪುನರ್ವ್ಯವಸ್ಥೆಯಲ್ಲಿ ಪರಿಷತ್ತಿನ ಕ್ಲಾರ್ಕನ ಪೀಠವನ್ನು ಬಹುತೇಕ ಕಡೆಗಳಲ್ಲಿ ಮುಖ್ಯ ಕಾರ್ಯನಿರ್ವಾಹಕನು ಏರಿದನು.

ಕ್ಲಾರ್ಕರು ಶತಮಾನಗಳ ಕಾಲ ಕೂಡಿಟ್ಟ ದಫ್ತರಗಳು ಮಾತ್ರ ಅಳಿಯಲಿಲ್ಲ. ಪ್ರಾಣಿಶಾಸ್ತ್ರಜ್ಞರಾಗಿದ್ದ ಜಾರ್ಜ್ ಹರ್ಬರ್ಟ್ ಫೌಲರ್ ಅವರ ಪ್ರಯತ್ನದಿಂದ 1913ರಲ್ಲಿ ಬೆಡ್‌ಫರ್ಡಿನಲ್ಲಿ ಇಂಗ್ಲೆಂಡಿನ ಮೊದಲ ಕೌಂಟಿ ದಾಖಲಾಲಯವು ಸ್ಥಾಪಿತವಾಯಿತು. ಕ್ರಮೇಣ ಇತರ ಕೌಂಟಿಗಳೂ ಅದೇ ಮಾರ್ಗವನ್ನು ಹಿಡಿದವು.