ಗ್ಯಾರೇಜಿನ ಬಿಸಿಗೆ ಕಾಲಂ ಹಾಕಿರಲಿಲ್ಲ

2021ರ ಬೇಸಿಗೆ. ಡಲ್ಲಾಸಿನ ನಮ್ಮ ಗ್ಯಾರೇಜಿನಲ್ಲಿ ಮೂರು ಆರ್‌ಟಿಎಕ್ಸ್ 3080 ಕಾರ್ಡುಗಳು ಹಗಲೂ ರಾತ್ರಿ ಈಥರ್ ಮೈನಿಂಗ್ ಮಾಡುತ್ತಿದ್ದವು. ನನ್ನ ಎಕ್ಸೆಲ್ ಹಾಳೆಯಲ್ಲಿ ಲಾಭ ಚೆನ್ನಾಗಿಯೇ ಇತ್ತು. ಬಿಸಿಗೆ ಮಾತ್ರ ಕಾಲಂ ಹಾಕಿರಲಿಲ್ಲ.

ಜಿಪಿಯು 65 ಡಿಗ್ರಿ ತೋರಿಸುತ್ತಿತ್ತು, ಹಾಗಾಗಿ ನಿಶ್ಚಿಂತೆಯಿಂದಿದ್ದೆ. ಆದರೂ ಮಧ್ಯಾಹ್ನವಾದರೆ ಹ್ಯಾಶ್‌ರೇಟ್ ಇಳಿಯುತ್ತಿತ್ತು. ಮೆಮೊರಿಯ ಸೆನ್ಸರ್ ಬೇರೆಯಾಗಿ ನೋಡಿದರೆ 110 ಡಿಗ್ರಿ! ಈ ಮೈನಿಂಗ್ ಹೆಚ್ಚು ದುಡಿಸುವುದು ಮೆಮೊರಿಯನ್ನೇ. ಜಿಡಿಡಿಆರ್6ಎಕ್ಸ್ ಚಿಪ್ಪುಗಳು ಅಷ್ಟು ಕಾದರೆ ಕಾರ್ಡು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ.

ಮೊದಲು ಇನ್ನೆರಡು ಫ್ಯಾನ್ ತಂದೆ. ದಂಡ. ಗ್ಯಾರೇಜಿನ ಗಾಳಿಯೇ 40 ಡಿಗ್ರಿ ಇರುವಾಗ ಫ್ಯಾನ್ ತಾನೇ ಏನು ಮಾಡೀತು? ಆಮೇಲೆ ಥರ್ಮಲ್ ಪ್ಯಾಡ್ ಬದಲಾಯಿಸಿದೆ (ದಪ್ಪ ಅರ್ಧ ಮಿಲಿಮೀಟರ್ ತಪ್ಪಿದರೂ ಹೀಟ್‌ಸಿಂಕ್ ಸರಿಯಾಗಿ ಕೂರುವುದಿಲ್ಲ, ಬಿಚ್ಚುವ ಮೊದಲು ವಾರಂಟಿ ಓದಿಕೊಳ್ಳಿ). ಒಂದೊಂದು ಕಾರ್ಡಿನ 320 ವ್ಯಾಟ್ ಮಿತಿಯನ್ನು 220ಕ್ಕೆ ಇಳಿಸಿದೆ. ಹ್ಯಾಶ್‌ರೇಟ್ ಹೆಚ್ಚೇನೂ ಬೀಳಲಿಲ್ಲ. ಮೂರು ಕಾರ್ಡಿಗೆ ದಿನಕ್ಕೆ 7.2 ಯೂನಿಟ್ ಕರೆಂಟ್ ಉಳಿಯಿತು.

2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂನಲ್ಲಿ ಮೈನಿಂಗೇ ನಿಂತಿತು. ಕಾರ್ಡುಗಳನ್ನು ಮಾರಲು ಹೊರಟಾಗ ಕೊಳ್ಳಲು ಬಂದ ಹುಡುಗ ಮೊದಲು ಕೇಳಿದ್ದು ಮೆಮೊರಿ ಎಷ್ಟು ಕಾಯುತ್ತದೆ ಎಂದು. ಓಡಿಸಿ ತೋರಿಸಿದೆ: 86. ಚೌಕಾಸಿ ಮಾಡದೆ ಮೂರನ್ನೂ ಒಯ್ದ.